ಅತ್ತಿಗೆಗೆ ಕೊಟ್ಟ ಉಪಯುಕ್ತ ಸಲಹೆಗಳು

ಸಲಹೆ ಕೊಡುವುದು ಕೆಟ್ಟ ಚಟ. ಸಿಗರೇಟಿನ ಚಟಕ್ಕೆ ಸೇದಿದವನ ಎದೆಗೂಡು ಮಾತ್ರ ಹಾಳು, ಸಲಹೆಯ ಚಟಕ್ಕೆ ಇಡೀ ಸಂಸಾರ ಬಲಿ. ನಂಬಿಕೆ ಬರದಿದ್ದರೆ ಮುಂದೆ ಓದಿ. ಬಂದರೂ ಓದಿ, ನನ್ನ ಮೇಲೆ ಕನಿಕರ ತೋರಿಸುವವರು ಈ ಊರಿನಲ್ಲಂತೂ ಯಾರೂ ಉಳಿದಿಲ್ಲ.

ನಾನು ಲಾರ್ನ್. ಹೆಂಡತಿ ಮೇವಿಸ್. ಕೆನಡಾದ ವಿನಿಪೆಗ್ ಬಿಟ್ಟು ಮೆಕ್ಸಿಕೋದ ಚಪಾಲಾ ಸರೋವರದ ದಂಡೆಗೆ ಬಂದು ನೆಲೆಸಿ ಬಹಳ ವರ್ಷಗಳಾದವು. ಊರಿನ ಹೆಸರು ಅಹಿಹಿಕ್. (ಹೆಸರು ಹೇಳಿದರೇ ಅರ್ಧ ನಕ್ಕಂತಾಗುತ್ತದೆ. ಉಳಿದರ್ಧ ನನ್ನ ಕಥೆ ಕೇಳಿ ನಗಬಹುದು.) ವಿನಿಪೆಗ್ ಬಿಟ್ಟದ್ದಕ್ಕೆ ಅಧಿಕೃತ ಕಾರಣ ಅಲ್ಲಿನ ಚಳಿ. ಅನಧಿಕೃತ ಕಾರಣ ಮೇವಿಸಳ ಅಕ್ಕ ಎನಿಡ್. ಚಳಿಗಾದರೆ ಕೋಟು ಹಾಕಿಕೊಳ್ಳಬಹುದು.

ಎನಿಡ್ ನಿವೃತ್ತ ಶಾಲಾ ಇನ್‌ಸ್ಪೆಕ್ಟರು. ನಿವೃತ್ತಿಯಾದದ್ದು ಹುದ್ದೆಯಿಂದ ಮಾತ್ರ, ಇನ್‌ಸ್ಪೆಕ್ಷನ್ ನಡೆದೇ ಇದೆ. ಮನೆಗೆ ಬಂದರೆ ಮೊದಲು ಫ್ರಿಜ್ಜಿನ ತಲೆಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಾಳೆ. ಆಮೇಲೆ ನನ್ನ ತಲೆ ನೋಡುತ್ತಾಳೆ. "ಲಾರ್ನ್, ನೀನು ಅಗಿಯೋ ಸದ್ದು ಪಕ್ಕದ ಕೋಣೆಗೆ ಕೇಳುತ್ತೆ" ಎಂದು ಆಕೆ ಹೇಳಿದ ದಿನದಿಂದ ನಾನು ಕ್ಯಾರೆಟ್ ತಿಂದಿಲ್ಲ.

ಇಲ್ಲಿ ನನ್ನ ಸ್ಥಾನಮಾನವೇ ಬೇರೆ. ಚೌಕದ ಮರದಡಿಯ ಕಲ್ಲುಬೆಂಚಿನಲ್ಲಿ ನಾನು ಬೆಳಿಗ್ಗೆ ಆಸೀನನಾದರೆ, ಹೊಸದಾಗಿ ಬಂದಿಳಿದ ಅಮೆರಿಕ ಕೆನಡಾಗಳ ಪಿಂಚಣಿದಾರರು ಒಬ್ಬೊಬ್ಬರಾಗಿ ದರ್ಶನಕ್ಕೆ ಬರುತ್ತಾರೆ. ನಲ್ಲಿ ನೀರು ಕುಡಿಯಬೇಡಿ, ದೊಡ್ಡ ಜಾರಿನ ನೀರೇ ಕುಡಿಯಿರಿ. ಟಾಯ್ಲೆಟ್ಟಿನ ಕಾಗದ ಬುಟ್ಟಿಗೆ ಹಾಕಿ, ಒಳಗೆ ಹಾಕಿ ಪೈಪಿಗೆ ಶಾಪ ಹಾಕಬೇಡಿ. ಗ್ಯಾಸಿನ ಲಾರಿ ಹಾಡು ಹೇಳುತ್ತಾ ಬಂದಾಗ ಓಡಿ, ಅದು ನಿಮಗಾಗಿ ಓಡುವುದಿಲ್ಲ. ಅಂಗಡಿಗೆ ಹೋದರೆ ಮೊದಲು ನಮಸ್ಕಾರ, ಆಮೇಲೆ ಟೊಮೇಟೊ. ಒಪ್ಪಿಕೊಳ್ಳುತ್ತೇನೆ, ನನ್ನ ಸಲಹೆಗಳಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ. ಚೇಳು ಇದೆಯಾ ಎಂದರೆ "ಪಾಪ, ನಾಚಿಕೆ ಸ್ವಭಾವದ ಪ್ರಾಣಿ" ಅನ್ನುತ್ತೇನೆ. ಬೆಳಗಿನ ಜಾವ ಬಾಂಬಿನ ಹಾಗೆ ಸಿಡಿಯುವ ಪಟಾಕಿ? ಭಕ್ತಿ. ನೀರು ನಿಂತರೆ? ಧ್ಯಾನಕ್ಕೆ ಅವಕಾಶ.

ಹೀಗೆ ಸುಖವಾಗಿದ್ದವನ ಮೇಲೆ ಮೇವಿಸ್ ಒಂದು ದಿನ ಕಾಫಿ ಬಗ್ಗಿಸುತ್ತಾ ಸಿಡಿಲು ಬಗ್ಗಿಸಿದಳು.

"ಅಕ್ಕ ಬರ್ತಿದಾಳೆ."

"ಎಷ್ಟು ದಿನಕ್ಕೆ?"

"ಸದ್ಯಕ್ಕೆ ಒಂದು ವಾರ. ದೋನ್ಯಾ ಚಾಯೋ ಮನೆ ನೋಡೋಕೆ. ಹಿಡಿಸಿದ್ರೆ ಇಲ್ಲೇ ಇದ್ದುಬಿಡ್ತಾಳಂತೆ."

ದೋನ್ಯಾ (ಅಂದರೆ ಅಮ್ಮಾವ್ರು) ಚಾಯೋ ನಮ್ಮ ನೆರೆಯ ಹೆಂಗಸು. ತನ್ನ ಮನೆಗೂ ನಮ್ಮ ಮನೆಗೂ ನಡುವೆ ಆಕೆಯದೇ ಇನ್ನೊಂದು ಪುಟ್ಟ ಮನೆ ಬಾಡಿಗೆಗೆ ಖಾಲಿ ಬಿದ್ದಿತ್ತು. ಅದಕ್ಕೂ ನಮಗೂ ಒಂದೇ ಗೋಡೆ. ನಾನು ಕ್ಯಾರೆಟ್ ಅಗಿದರೆ ಕೇಳುವಷ್ಟು ಹತ್ತಿರ.

"ಮೇವಿಸ್, ನಾವು ವಿನಿಪೆಗ್ ಯಾಕೆ ಬಿಟ್ಟೆವು?"

"ಚಳಿಗೆ."

"ಹೂಂ," ಎಂದೆ.

"ನೀನು ಬೆಂಚಿಗೆ ಹೋಗ್ತೀಯ, ನಾನು ಮಾತಾಡೋದು ಬೋಗನ್‌ವಿಲಿಯಾ ಗಿಡದ ಹತ್ರ. ನನಗೂ ನಮ್ಮೋರು ಅಂತ ಒಬ್ರು ಇರಲಿ ಅನಿಸಲ್ವಾ ಲಾರ್ನ್? ಊರಿಗೆಲ್ಲಾ ಬುದ್ಧಿ ಹೇಳ್ತೀಯ. ಅಕ್ಕಂಗೂ ಇಲ್ಲಿ ಬದುಕೋದು ಹೇಗೆ ಅಂತ ಹೇಳಿಕೊಡು." ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಕರುಳು ಚುರ್ರೆಂದಿತು, ನಿಜ. ಆದರೆ ಕರುಳು ಚುರ್ರೆನ್ನುವುದು ಒಂದು ಗಳಿಗೆ. ಎನಿಡ್ ಬಂದರೆ ಜೀವಮಾನ.

ಅಲ್ಲಿಯೇ ನನಗೆ ಆ ದಿವ್ಯ ಜ್ಞಾನ ಉದಯಿಸಿತು. ಹೇಳಿಕೊಡುತ್ತೇನೆ! ಒಂದೂ ಸುಳ್ಳು ಹೇಳುವುದಿಲ್ಲ. ಸಕ್ಕರೆ ಮಾತ್ರ ಹಾಕುವುದಿಲ್ಲ. ಸತ್ಯ, ಸಂಪೂರ್ಣ ಸತ್ಯ, ಮೇಲೊಂದು ಚಮಚ ಖಾರ.

ಎನಿಡ್ ಬಂದಳು, ಫ್ರಿಜ್ಜಿನ ತಲೆ ಮುಟ್ಟಿದಳು, ಬೂಟು ಬಿಚ್ಚಿದಳು. ನಾನು ಆ ಬೂಟನ್ನೆತ್ತಿ ನೆಲಕ್ಕೆ ಪಟಪಟನೆ ಬಡಿದೆ.

"ಏನು ಮಾಡ್ತಿದೀಯ?"

"ಅಭ್ಯಾಸ ಮಾಡ್ಕೊಳಿ ಎನಿಡ್. ಹಾಕಿಕೊಳ್ಳೋ ಮೊದಲು ಬಡೀಬೇಕು. ಚೇಳು."

"ಈಗ ತಾನೇ ಬಿಚ್ಚಿದೀನಿ!"

"ಅದಕ್ಕೇನು ಗೊತ್ತು? ಬೆಚ್ಚಗಿರುತ್ತಲ್ಲ. ಹಾಸಿಗೆ ಗೋಡೆಗೆ ತಾಗಿಸಬೇಡಿ. ಟವೆಲ್ ಕೊಡವಿ. ಮಲಗೋ ಮುಂಚೆ ಮೇಲೆ ಒಂದ್ಸಲ ನೋಡ್ಕೊಳಿ, ಸೂರಿನಿಂದಲೂ ಬೀಳ್ತವೆ."

ಎನಿಡ್ ಸೂರು ನೋಡಿದಳು. ಮೇವಿಸ್ ನನ್ನನ್ನು ನೋಡಿದ ನೋಟಕ್ಕೆ ಚೇಳೇ ವಾಸಿ. ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏನು ನಿನ್ನ ತಲೇಲಿ? ನಾವು ಚೇಳು ನೋಡಿ ಎಷ್ಟು ಕಾಲ ಆಯ್ತು?" ಎಂದು ಪಿಸುಗುಟ್ಟಿದಳು.

"ನೀನೇ ಹೇಳಿಕೊಡು ಅಂದೆ."

"ಹೇಳಿಕೊಡು ಅಂದೆ, ಹೆದರಿಸಿ ಕೊಲ್ಲು ಅನ್ನಲಿಲ್ಲ!"

ಮರುದಿನ ಯಾವುದೋ ಸಂತನ ಹಬ್ಬ ನನ್ನ ನೆರವಿಗೆ ಬಂತು. ಸೂರ್ಯ ಮೂಡುವ ಮೊದಲೇ ಇಗರ್ಜಿಯ ಕಡೆಯಿಂದ ಪಟಾಕಿಗಳು ಢಂ ಢಂ ಎಂದವು. ತಾರಸಿಗಳ ಮೇಲಿನ ನಾಯಿಗಳೆಲ್ಲ ಒಟ್ಟಿಗೆ ಶುರುಹಚ್ಚಿಕೊಂಡವು. ನಾನು ಹಜಾರಕ್ಕೆ ಬಂದರೆ ಮಾಜಿ ಇನ್‌ಸ್ಪೆಕ್ಟರು ಊಟದ ಮೇಜಿನಡಿ ಕೂತಿದ್ದರು.

"ಯುದ್ಧವಾ?"

"ಹಬ್ಬ. ಒಂಬತ್ತು ದಿನ ಅಷ್ಟೆ."

"ಆಮೇಲೆ?"

"ಆಮೇಲೆ ಇನ್ನೊಬ್ಬ ಸಂತ."

ಆಹಾ, ಆ ದಿನ ನಾನು ಬೆಂಚಿನ ಮೇಲೆ ಕೂತು ಸಿಳ್ಳೆ ಹಾಕಿದೆ. ಗ್ಯಾಸ್ ಸೋರಿದರೆ ಏನಾಗುತ್ತದೆ, ಕರೆಂಟು ಏರಿಳಿದರೆ ಯಾವ ಯಾವ ಯಂತ್ರ ಹೊಗೆಯಾಡುತ್ತದೆ, ಕಲ್ಲುಹಾಸಿನ ಬೀದಿಯಲ್ಲಿ ಯಾರ ಯಾರ ಸೊಂಟ ಎಲ್ಲೆಲ್ಲಿ ಮುರಿಯಿತು, ಎಲ್ಲವನ್ನೂ ಊಟಕ್ಕೊಂದರಂತೆ ಬಡಿಸಿದೆ. ಎನಿಡ್ ಸೂಟ್‌ಕೇಸನ್ನು ಬಿಚ್ಚಿರಲೇ ಇಲ್ಲ.

ಆದರೆ ದೋನ್ಯಾ ಚಾಯೋ ಎಂಬ ಶಕ್ತಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಕೆ ಸೀಬೆಹಣ್ಣು ತಂದಳು. ಜೋಳದ ಕಾಳು, ಹಂದಿಮಾಂಸ ಹಾಕಿ ಕುದಿಸಿದ ಕೆಂಪು ಪೊಸೊಲೆ ಸಾರು ತಂದಳು. ಎನಿಡಳ ಕೈ ಹಿಡಿದು ಸಂಜೆ ದಂಡೆಗೆ ಕರೆದುಕೊಂಡು ಹೋಗಿ ಬಿಳಿ ಪೆಲಿಕನ್ ಹಕ್ಕಿಗಳನ್ನು ತೋರಿಸಿದಳು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಇಬ್ಬರೂ ಗಂಟೆಗಟ್ಟಲೆ ಮಾತಾಡಿಕೊಂಡು ಬಂದರು. ಬಂದ ಎನಿಡ್ ನಗುತ್ತಿದ್ದಳು! ಆಕೆಗೆ ಅಷ್ಟೊಂದು ಹಲ್ಲುಗಳಿರುವುದು ನನಗೆ ಗೊತ್ತೇ ಇರಲಿಲ್ಲ.

"ಮೇವಿಸ್, ನಾಳೆ ಚಾಯೋಗೆ ಮಾತು ಕೊಟ್ಟುಬಿಡ್ತೀನಿ ಕಣೇ. ಚೇಳು ಗೀಳು ಹೇಗೋ ಆಗುತ್ತೆ. ಬೆಳಿಗ್ಗೆ ಎದ್ದು ತಲೆಗೆ ಒಳ್ಳೇ ಬಿಸಿನೀರು ಬಿದ್ರೆ ನನಗೆ ಸಾಕು."

ಅಕ್ಕತಂಗಿಯರು ತಬ್ಬಿಕೊಂಡರು. ನನ್ನ ಕಿವಿಯಲ್ಲಿ ಒಂದೇ ಪದ ಉಳಿಯಿತು: ಬಿಸಿನೀರು.

ಬೆಳಿಗ್ಗೆ ಎನಿಡ್ ಸ್ನಾನದ ಮನೆಗೆ ಹೋದದ್ದೇ ತಡ, ನಾನು ಕಳ್ಳಹೆಜ್ಜೆಯಲ್ಲಿ ತಾರಸಿ ಹತ್ತಿದೆ. ಸಂಪಿನಿಂದ ಪಂಪಿನಲ್ಲಿ ಏರಿದ ನೀರು ನಿಲ್ಲುವ ಕಪ್ಪು ಟ್ಯಾಂಕು ಅಲ್ಲಿದೆ, ಅದರ ಬುಡದಲ್ಲಿ ಒಂದು ವಾಲ್ವು. ಸ್ನಾನದ ಮನೆಯ ಗಾಳಿಕಿಂಡಿ ಪಕ್ಕದಲ್ಲೇ. ಎನಿಡ್ ಹಾಡುತ್ತಿದ್ದಳು. ಸೋಪು ಹಚ್ಚುವವರೆಗೆ ಕಾಯಬೇಕು. ಹಾಡಿನಲ್ಲಿ ಗುಳುಗುಳು ಸೇರಿತು. ಹಚ್ಚಿದಳು. ನಾನು ವಾಲ್ವು ತಿರುಗಿಸಿದೆ.

ಹಾಡು ನಿಂತಿತು.

"ಮೇವಿಸ್! ನೀರು! ಕಣ್ಣಿಗೆ ಸೋಪು!"

ಆ ಆರ್ತನಾದ ಕೇಳಿ ವಾಲ್ವಿಗೆ ಮತ್ತೆ ಕೈ ಹಾಕಿದೆ. (ನಾನು ಕಟುಕನಲ್ಲ. ಬರೀ ಒಂದು ನಿಮಿಷದ ಯೋಜನೆ ನನ್ನದು.) ತಿರುಗಿ ತೆರೆಯಲು ಹೋದರೆ ವಾಲ್ವಿನ ಹಿಡಿ ಕಟಕ್ಕೆಂದು ನನ್ನ ಕೈಗೇ ಬಂದುಬಿಟ್ಟಿತು! ಇಕ್ಕಳ ಕೆಳಗೆ, ಮೇವಿಸಳೂ ಕೆಳಗೆ.

"ಏನ್ ಮಾಡ್ತಿದೀರಿ, ದೋನ್ ಲೋರೋ?"

ತಿರುಗಿದೆ. ಖಾಲಿ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಾ ದೋನ್ಯಾ ಚಾಯೋ ನಿಂತಿದ್ದಳು. (ಲಾರ್ನ್ ಎನ್ನಲು ಆಕೆಯ ನಾಲಿಗೆ ಹೊರಳುವುದಿಲ್ಲ. ಅವರಲ್ಲಿ ದೋನ್ ಅಂದರೆ ಯಜಮಾನರು, ಲೋರೋ ಅಂದರೆ ಗಿಳಿ.) ಆಕೆ ನನ್ನ ಕೈಯ ಹಿಡಿ ನೋಡಿದಳು. ಗಾಳಿಕಿಂಡಿಯ ಬೊಬ್ಬೆ ಕೇಳಿದಳು. ನನ್ನ ಮುಖ ನೋಡಿದಳು.

"ಸೋರ್ತಿತ್ತು. ನೋಡೋಣ ಅಂತ ಬಂದೆ."

"ಒಣಗಿದೆಯಲ್ಲ."

"ಈಗ ನಿಂತಿದೆ."

"ಹಾಂ. ಎಲ್ಲಾ ನಿಂತಿದೆ." ಆಕೆ ತನ್ನ ಟ್ಯಾಂಕಿನಿಂದ ಒಂದು ಬಕೆಟ್ ನೀರು ತುಂಬಿ ಮೋಟುಗೋಡೆಯ ಮೇಲಿಂದ ದಾಟಿಸಿದಳು. "ಈ ಮನೆ ಖಾಲಿ ಬಿದ್ದು ಬಹಳ ದಿನ ಆಯ್ತು, ದೋನ್ ಲೋರೋ. ದೇವರು ಕೊಟ್ಟ ಬಾಡಿಗೆಯವಳು ಅಂದ್ಕೊಂಡಿದ್ದೆ."

ಬಕೆಟ್ ಹೊತ್ತು ಮೆಟ್ಟಿಲಿಳಿದು ಸ್ನಾನದ ಮನೆಯ ಬಾಗಿಲಲ್ಲಿಟ್ಟೆ, ಇಕ್ಕಳ ತಂದು ವಾಲ್ವು ತೆರೆದೆ. ಆಕೆ ಬಾಯಿಬಿಟ್ಟರೆ ನಾನು ಬೆಂಚಿನ ಮೇಲೆಯೇ ಮಲಗಬೇಕಾಗುತ್ತದೆ. ಮಧ್ಯಾಹ್ನದವರೆಗೆ ಯಾವ ಬಾಗಿಲು ಸದ್ದಾದರೂ ನಾನು ಹಾರಿಬೀಳುತ್ತಿದ್ದೆ.

ಊಟದ ಹೊತ್ತಿಗೆ ದೋನ್ಯಾ ಚಾಯೋ ಹುಣಸೆ ಪಾನಕದ ಹೂಜಿ ಹಿಡಿದು ಬಂದು ನನ್ನ ಎದುರಿಗೇ ಕೂತಳು. ಕೆಂಪಗಾದ ಕಣ್ಣಿನ ಎನಿಡ್ ಮಾತು ಶುರುಮಾಡಿದಳು. ಮೇವಿಸ್ ಒಂದೊಂದು ಮಾತನ್ನೂ ಚಾಯೋಗೆ ಸ್ಪ್ಯಾನಿಷಿನಲ್ಲಿ ಹೇಳುತ್ತಾ ಹೋದಳು.

"ಆ ಮನೆ ನನಗೆ ಬೇಡ. ಒಂಟಿ ಹೆಂಗಸು. ಚೇಳು, ಗ್ಯಾಸು, ಪಟಾಕಿ, ಈಗ ನೀರು. ನನ್ನ ಕೈಲಾಗಲ್ಲ."

ನನ್ನ ಹೊಟ್ಟೆಯಲ್ಲಿ ಹಾಲು ಸುರಿದಂತಾಯಿತು. ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು, "ಛೆ, ಛೆ. ವಿನಿಪೆಗ್ಗಿಗೆ ಟಿಕೆಟ್ ನಾನೇ ನೋಡ್ತೀನಿ" ಎಂದೆ.

"ಟಿಕೆಟ್ ಯಾಕೆ? ಊರು ಬಿಡಲ್ಲ ನಾನು. ಊರು ಹಿಡಿಸಿದೆ. ಆ ಹಕ್ಕಿಗಳು, ಆ ಸಾರು! ಒಂಟಿಯಾಗಿರೋದಕ್ಕೆ ಮಾತ್ರ ಭಯ. ಅದಕ್ಕೆ ಇಲ್ಲೇ, ನಿಮ್ಮ ಜೊತೇಲೇ ಇರ್ತೀನಿ. ಚೇಳಿನಿಂದ ಹಿಡಿದು ಚರಂಡಿವರೆಗೆ ಎಲ್ಲಾ ತಿಳಿದಿರೋ ಗಂಡಸು ಮನೇಲೇ ಇರುವಾಗ ನಾನ್ಯಾಕೆ ಬೇರೆ ಇರಲಿ? ಮಹಡಿ ಕೋಣೆ ಕೊಡ್ತೀನಿ ಅಂದಿದಾಳೆ ಮೇವಿಸ್."

ಮಹಡಿ ಕೋಣೆ ಎಂದರೆ ನಾನು ಮಧ್ಯಾಹ್ನ ಸರೋವರ ನೋಡುತ್ತಾ ನಿದ್ದೆ ಹೊಡೆಯುವ ಕೋಣೆ. ಮೇವಿಸ್ ಖುಷಿಯಿಂದ ಅಳುತ್ತಿದ್ದಳು.

"ಎನಿಡ್, ಚೇಳು ಎಲ್ಲಿದೆ ಇಲ್ಲಿ!" ಎಂದು ನಾನು ಕಿರುಚಿದೆ. "ನಾನು ನೋಡೇ ಇಲ್ಲ! ಪಾಪದ ಪ್ರಾಣಿ! ಆ ಮನೆ ಚಿನ್ನದಂಥಾ ಮನೆ!"

"ನನಗೆ ಧೈರ್ಯ ತುಂಬೋಕೆ ಹೇಳ್ತಿದೀಯ. ನೀನು ಇಷ್ಟು ಒಳ್ಳೆಯವನು ಅಂತ ನನಗೆ ಗೊತ್ತಿರಲಿಲ್ಲ, ಲಾರ್ನ್."

ಉಳಿದದ್ದು ಒಂದೇ ದಾರಿ. ಬೆಳಿಗ್ಗೆಯಿಂದ ಯಾರ ಬಾಯಿಗೆ ಹೆದರಿ ಸತ್ತಿದ್ದೆನೋ, ಈಗ ಅದೇ ಬಾಯಿಗೆ ಸ್ಪ್ಯಾನಿಷಿನಲ್ಲೇ ಕೈಮುಗಿದೆ. "ದೋನ್ಯಾ ಚಾಯೋ, ನೀವಾದರೂ ಹೇಳಿ. ಈ ಬೀದೀಲಿ ನೀರು ತಾನಾಗಿ ನಿಂತದ್ದುಂಟಾ?"

ಮೇವಿಸ್ ಉತ್ತರವನ್ನು ಎನಿಡಳಿಗೆ ಅನುವಾದ ಮಾಡಲು ಬಾಯ್ತೆರೆದು ಕಾದಳು. ಚಾಯೋ ನಿಧಾನವಾಗಿ ಪಾನಕ ಕುಡಿದಳು.

"ನಿಮ್ಮ ಮನೆ ಪೈಪಿನ ವಿಷಯ ನನಗೇನು ಗೊತ್ತು? ನಿಮಗೇ ಗೊತ್ತಿರಬೇಕು." ಆಮೇಲೆ ಎನಿಡಳ ಮಂಡಿ ತಟ್ಟಿದಳು. "ಇವಳು ಸ್ನಾನ ಮಾಡುವಾಗ ಯಾರಾದ್ರೂ ಟ್ಯಾಂಕಿನ ಹತ್ರ ನಿಂತಿದ್ರೆ ಒಳ್ಳೇದು."

ಅನುವಾದವಾಯಿತು. ಮೂವರೂ ನನ್ನ ಕಡೆ ನೋಡಿದರು.

ಈಗ ದಿನವೂ ನಾನು ಬೆಂಚಿಗೆ ತಡವಾಗಿ ಹೋಗುತ್ತೇನೆ. ಹೊಸಬರು ಕಾಯುವಷ್ಟು ಕಾದು, ಪಕ್ಕದ ಬೆಂಚಿನ ಅಮೆರಿಕನ್ನನ ಹತ್ತಿರ ಸಲಹೆ ಕೇಳಿಕೊಂಡು ಹೋಗಿರುತ್ತಾರೆ. ಎನಿಡಳ ಸ್ನಾನ ದೀರ್ಘವಾದದ್ದು, ಹಾಡಿನ ಎಲ್ಲ ಚರಣಗಳೂ ಆಗಬೇಕು. ದೋನ್ಯಾ ಚಾಯೋ ಮೋಟುಗೋಡೆಯಾಚೆಯಿಂದ ಒದ್ದೆ ಬಟ್ಟೆಯ ಬುಟ್ಟಿ ದಾಟಿಸಿ, "ಸುಮ್ನೆ ನಿಂತಿದೀರಲ್ಲ ದೋನ್ ಲೋರೋ, ಇಷ್ಟು ಒಣಹಾಕಿ" ಅನ್ನುತ್ತಾಳೆ. ಹಾಕುತ್ತೇನೆ. ಆಕೆಯ ಹತ್ತಿರ ಬೇಡ ಅನ್ನುವ ಸ್ಥಿತಿಯಲ್ಲಿ ನಾನಿಲ್ಲ. ನಡುನಡುವೆ ಗಾಳಿಕಿಂಡಿಯಿಂದ ಹಾಡು ನಿಂತು ದನಿ ಏಳುತ್ತದೆ.

"ಲಾರ್ನ್, ಇದ್ದೀಯಾ?"

"ಇದ್ದೀನಿ, ಎನಿಡ್. ಎಲ್ಲಿಗೆ ಹೋಗಲಿ?"