ಹೊರಟವಳನ್ನು ಕೇಳಬಾರದ ಮಾತು

ನಮ್ಮ ಕಾಕಾನ ಅಪ್ಪಣೆಯಿಲ್ಲದೆ ಇಳಕಲ್ಲಿನಲ್ಲಿ ಬೆಕ್ಕು ಸಹ ದಾರಿ ದಾಟುವುದಿಲ್ಲ! ಮಗ್ಗದ ಮುಂದೆ ಕೂತೇ ಇಡೀ ಓಣಿಯ ಶಕುನ ಖಾತೆ ನೋಡಿಕೊಳ್ಳುತ್ತಾರೆ. ಯಾರಾದರೂ ಸೀನಿದರೆ ಮುಗಿಯಿತು, ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದೇ ಹೋಗಬೇಕು. ಒಮ್ಮೆ ಬಾಗಲಕೋಟೆಗೆ ಪರೀಕ್ಷೆಗೆ ಹೊರಟ ನನಗೆ ನಾಲ್ಕು ಲೋಟ ಕುಡಿಸಿದರು. ಆ ಮೂರು ತಾಸು ಬರೆದೆನೋ, ಬರೀ ಒದ್ದಾಡಿದೆನೋ, ನನಗೇ ಗೊತ್ತಿಲ್ಲ! ಇನ್ನು ಹೊರಟವರನ್ನು ಹಿಂದಿನಿಂದ ‘ಎಲ್ಲಿಗೆ’ ಎಂದು ಕೇಳುವುದಂತೂ ಅವರ ಕಾನೂನಿನಲ್ಲಿ ಕೊಲೆ ಯತ್ನಕ್ಕೆ ಸಮ.

ಇಂಥವರನ್ನು ಸಿನಿಮಾಕ್ಕೆ ಹಾಕಿಕೊಳ್ಳುವವರುಂಟೇ? ನನ್ನ ತಂಗಿ ಹಾಕಿಕೊಂಡಳು. ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸುಗಳ ಬೋರ್ಡು ಓದಿ, ಮನೆಗೆ ಬರುವ ಹದಿಹರೆಯದ ಹುಡುಗ ಹುಡುಗಿಯರ ಕಥೆ. ಗೆಳೆಯರೇ ನಟರು. ಕ್ಯಾಮೆರಾ ಎರಡು ದಿನದ ಎರವಲು. ಕೊನೆಯ ದೃಶ್ಯದಲ್ಲಿ ನಾಯಕಿ ಚೀಲ ಹೊತ್ತು ಮನೆ ಬಿಡುತ್ತಾಳೆ. ಅಪ್ಪನ ಪಾತ್ರದ ಕಾಕಾ ಹಿಂದಿನಿಂದ "ಎಲ್ಲಿಗೆ ಹೊಂಟಿ?" ಎಂದು ಗುಡುಗಬೇಕು, ಅವಳು ಉತ್ತರ ಕೊಡದೆ ನಡೆಯಬೇಕು. ಇಷ್ಟೇ!

ಮೊದಲ ಸಲ ಕಾಕಾ, "ಊಟ ಆತೇನವ್ವ?" ಎಂದರು. ಎರಡನೇ ಸಲ ಕ್ಯಾಮೆರಾದವನು ಸೀನಿದ. ಕಾಕಾ ಪಾತ್ರ ಬಿಟ್ಟೆದ್ದು ನಾಯಕಿಗೂ ಅವನಿಗೂ ನೀರು ಕುಡಿಸಿದರು. ಒಂಬತ್ತನೇ ಸಲಕ್ಕೆ ತಂಗಿ ಅಳುವುದೊಂದೇ ಬಾಕಿ.

"ಕಾಕಾ, ಬಿಸಲು ಇಳಿಯಾಕ ಹತ್ತೈತಿ. ನಾಳೆ ಕ್ಯಾಮೆರಾ ಇಲ್ಲ. ಒಂದ ಮಾತು ಅನ್ರಿ!"

"ಹೆಂಗ ಅನ್ಲವ್ವ? ಈಕಿ ನಾಡದು ಖರೇನ ಧಾರವಾಡಕ್ಕ ಓದಾಕ ಹೊಂಟಾಳ. ಚೀಲ ಹೊತ್ತಾಕಿನ್ನ ಹಿಂದಿನಿಂದ ಕೇಳಿ, ಹೋದ ಕೆಲಸ ಕೆಟ್ಟರ?"

ನಾಯಕಿ ಪಕ್ಕದ ಮನೆಯ ಹುಡುಗಿ. ಹಟ ಹಿಡಿದು ಸೀಟು ಗಿಟ್ಟಿಸಿದ್ದಳು. ಮನೆಯವರು ಇನ್ನೂ ಮುಖ ಊದಿಸಿಕೊಂಡಿದ್ದರು. ಬೆಳಗಿನಿಂದ ಬಿದ್ದು ಬಿದ್ದು ನಗುತ್ತಿದ್ದ ನಾವೆಲ್ಲ ಅವಳ ಚೀಲದ ಕಡೆ ನೋಡಿದೆವು.

ಅವಳೇ ಹೇಳಿದಳು: "ಕೇಳ್ರಿ ಕಾಕಾ. ನನಗೇನೂ ಆಗಂಗಿಲ್ಲ."

ಕಾಕಾ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಗುಡುಗು ಎಲ್ಲಿ ಬರಬೇಕು? "ಎಲ್ಲಿಗೆ ಹೊಂಟಿ, ಮಗಳ?" ಎಂಬ ಸಣ್ಣ ದನಿ ಬಂತು.

ಹೊಸ್ತಿಲು ದಾಟಿದ್ದವಳು ಕಥೆ ಮರೆತು ತಿರುಗಿ ನಿಂತಳು.

"ಧಾರವಾಡಕ್ಕ, ಕಾಕಾ. ಮನ್ಯಾಗ ಎಲ್ಲಾರೂ ಯಾಕ ಹೊಂಟಿ ಅಂತಾನ ಕೇಳಿದ್ರು. ಎಲ್ಲಿಗೆ ಅಂತ ನೀವೊಬ್ರ ಕೇಳಿದ್ರಿ."

ತಂಗಿ ‘ಕಟ್’ ಅನ್ನಲಿಲ್ಲ. ಕಾಕಾ ಕಣ್ಣು ತೆರೆಯಲೂ ಇಲ್ಲ. ಹಾಗೆಯೇ, "ಮುಟ್ಟಿದ ಕೂಡ್ಲೆ ಫೋನ್ ಮಾಡವ್ವ" ಎಂದರು.