ಸಿ.ಆರ್.ಪಿ. ಇಳಿದೈತೆ

ಎಲ್ಲಕ್ಕೂ ಮೂಲ ಸರ್ವಮಂಗಳಮ್ಮನ ಕಾಲಿಗೆ ಚುಚ್ಚಿದ ಒಂದು ಜಾಲಿಮುಳ್ಳು. ಅದರ ನಂಜು ರಕ್ತಕ್ಕೇರಿ, ದಾವಣಗೆರೆಯ ಆಸ್ಪತ್ರೆ ಸೇರಿ ಮೂರು ದಿನವಾಗಿತ್ತು.

"ರಕ್ತದಾಗ ಸಿ.ಆರ್.ಪಿ. ಅಂತ ಒಂದೈತೆ. ನಂಜು ಹೆಚ್ಚಾದಂಗೆ ಅದೂ ಏರ್ತದೆ. ಇವತ್ತಿನ ಪರೀಕ್ಷೆಯಾಗ ಇಳಿದಿದ್ರೆ ಉಳೀತಾರೆ. ಏರಿದ್ರೆ ನನ್ನ ಕೈಲಿಲ್ಲ" ಎಂದಿದ್ದರು ಡಾಕ್ಟರು.

ಅಷ್ಟು ಸಾಕಾಯಿತು. ಮಗ ಶಿವಯೋಗಪ್ಪ ನರ್ಸುಗಳ ಬೆನ್ನು ಬಿದ್ದು "ಇಳೀತಾ" ಎಂದು ಕೇಳಿ ಕೇಳಿ ಪ್ರಾಣ ಹಿಂಡಿದ. ಕೊನೆಗೆ ಡಾಕ್ಟರೇ ಅವನನ್ನು ತನ್ನೂರು ಹರಿಹರಕ್ಕೆ ಅಟ್ಟಿದರು. ಆಸ್ಪತ್ರೆಯಲ್ಲಿ ಭಾವಮೈದುನ ವೀರೇಶ್ ಉಳಿದ. ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡುವುದೆಂದು ಮಾತಾಗಿತ್ತು.

ಶಿವಯೋಗಪ್ಪನದು ಗಡಿಯಾರ ರಿಪೇರಿ ಅಂಗಡಿ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಯಾವುದನ್ನು ನೋಡಿದರೂ ಫೋನ್ ಬರುವ ಸಮಯ ಮೀರಿದಂತೆ ಕಾಣುತ್ತಿತ್ತು. ಪಕ್ಕದ ರೌಫನ ಎಸ್.ಟಿ.ಡಿ. ಬೂತಿಗೆ ಹದಿನಾಲ್ಕು ಸಲ ಹೋಗಿ ಬಂದ. ಒಬ್ಬರ ವಾಚಿನ ಮುಳ್ಳನ್ನು ಇನ್ನೊಬ್ಬರ ವಾಚಿಗೆ ಹಾಕಿದ. ಎದುರಿನ ಬಟ್ಟೆ ಅಂಗಡಿಯ ಉಜ್ಜನಪ್ಪ, ಸುಟ್ಟ ಈರುಳ್ಳಿ ಕಟ್ಟಿದ್ದರೆ ನಂಜು ಅಂದೇ ಇಳಿಯುತ್ತಿತ್ತೆಂದು ನಾಲ್ಕನೇ ಸಲ ಬುದ್ಧಿ ಹೇಳಿ ಹೋದ. ಅವನನ್ನು ಕಚ್ಚಬೇಕೆನ್ನಿಸಿತು ಶಿವಯೋಗಪ್ಪನಿಗೆ. ಅವ್ವ ಇಲ್ಲದ ಮನೆ ನೆನಪಾಗಿ, ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜು ಮಂಜಾಯಿತು.

ಒಂದೇ ಒಂದು ಸಲ ಹಿತ್ತಲಿಗೆ ಹೋಗಿದ್ದ, ಆಗಲೇ ಫೋನ್ ಬಂತು. ರೌಫ್ ಓಡಿ ಬಂದ.

"ವೀರೇಶಣ್ಣ ಮಾಡಿದ್ರು. ಸಿ.ಆರ್.ಪಿ. ಇಳಿದೈತೆ, ಇವತ್ತು ನೀವು ಬರೋದ್ ಬ್ಯಾಡ ಅಂದ್ರು. ಅಷ್ಟ್ರಾಗ ಲೈನ್ ಕಟ್ಟಾತು."

ಶಿವಯೋಗಪ್ಪ ಭೂತಗಾಜಿನ ಸಮೇತ ಬೀದಿಗೆ ಹಾರಿದ. "ಸಿ.ಆರ್.ಪಿ. ಇಳಿದೈತೆ" ಎಂದು ಬಸ್ ಸ್ಟ್ಯಾಂಡಿನ ತನಕ ಕೂಗುತ್ತ ಓಡಿದ.

ಅದು ತೊಂಬತ್ತೊಂಬತ್ತರ ಚುನಾವಣೆಯ ಕಾಲ. ಬೀದಿಯವರಿಗೆ ಸಿ.ಆರ್.ಪಿ. ಎಂದರೆ ದಿಲ್ಲಿಯಿಂದ ಬರುವ ಬಂದೂಕಿನ ಪೊಲೀಸರು. ಅವರು ಇಳಿದರೆಂದರೆ ಎಲ್ಲೋ ಗಲಾಟೆಯಾಗಿದೆ ಎಂದೇ ಲೆಕ್ಕ. ಶಟರುಗಳು ದಡದಡ ಬಿದ್ದವು. ಪೇಡೆ ಕೊಳ್ಳಲು ಹೋದ ಶಿವಯೋಗಪ್ಪನ ಮುಖಕ್ಕೇ ಮಿಠಾಯಿ ಅಂಗಡಿ ಬಾಗಿಲು ಹಾಕಿತು. ಉಜ್ಜನಪ್ಪ ಗಾಬರಿಯಲ್ಲಿ, ಸೀರೆ ಆರಿಸುತ್ತಿದ್ದ ಗಿರಾಕಿಯೊಬ್ಬಳನ್ನು ಒಳಗೇ ಬಿಟ್ಟು ಬೀಗ ಜಡಿದು ಬಂದು, ಇವನ ಅಂಗಿ ಹಿಡಿದ.

"ಎಲ್ಲಿ ಇಳಿದೈತೋ?"

"ನಮ್ಮವ್ವನ ರಕ್ತದಾಗ."

ವಿಷಯ ಬೀದಿಗೆಲ್ಲ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಗಿರಾಕಿ ಹೊರಬಂದಳು. ಎಲ್ಲರೂ ಸೇರಿ ಶಿವಯೋಗಪ್ಪನಿಗೆ ಬಾಯಿಗೆ ಬಂದಂತೆ ಬೈದರು, ಅವ್ವ ಉಳಿದಳೆಂದು ಅವನಿಂದಲೇ ಪೇಡೆ ತರಿಸಿ ತಿಂದರು. ಬೈಗುಳವೂ ಅವತ್ತು ಅವನಿಗೆ ಸಿಹಿಯಾಗಿಯೇ ಇತ್ತು.

ಮತ್ತೆ ಬೂತಿಗೆ ಫೋನ್ ಬಂತು. ಈ ಸಲ ಅವನೇ ಎತ್ತಿದ. ಆ ಕಡೆ ವೀರೇಶ್.

"ಆಗ ಲೈನ್ ಕಟ್ಟಾತು ಭಾವ. ಎಲೆಕ್ಷನ್ನಿಗೆ ಅಂತ ಇಲ್ಲಿ ಸಿ.ಆರ್.ಪಿ. ಇಳಿದೈತೆ. ಬಂದೂಕು ಹಿಡ್ಕಂಡು ರೋಡಿಗೆ ಅಡ್ಡ ನಿಂತಾರೆ, ಬಸ್ಸೂ ಬಂದ್. ಅದಕ್ಕೇ ಬರೋದ್ ಬ್ಯಾಡ ಅಂದೆ."

ಶಿವಯೋಗಪ್ಪ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. "ಅವ್ವಂದು?"

"ರಕ್ತದ ಸೀಸೆ ಇನ್ನೂ ನನ್ನ ಜೇಬಿನಾಗೇ ಐತೆ. ಲ್ಯಾಬ್ ಇರೋದು ಕೆ.ಬಿ. ಬಡಾವಣೆಯಾಗ. ಸಿ.ಆರ್.ಪಿ.ಯವ್ರು ಹೋಗಾಕೆ ಬಿಡ್ತಿಲ್ಲ."

ಬೂತಿನ ಬಾಗಿಲಲ್ಲಿ ಉಜ್ಜನಪ್ಪ ಕೊನೆಯ ಪೇಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಏನಂತೆ ಎಂದು ಕಣ್ಣಲ್ಲೇ ಕೇಳಿದ.

ಹೇಳಿದರೆ ಬೀದಿಯವರು ಒದೆಯುತ್ತಾರೆಂದು ಶಿವಯೋಗಪ್ಪನಿಗೆ ಗೊತ್ತಿತ್ತು. ಫೋನ್ ಇಟ್ಟು ಅಂಗಡಿಗೆ ಹೋಗಿ, ಮತ್ತೆ ಗಡಿಯಾರಗಳ ಮುಂದೆ ಕೂತ.