ಸರಪಳಿ ಕಡಿದ ಅಮರನಾಥ

ಆಳಂದದ ಅಮರನಾಥ ಮನೆ ಮಾರಲು ಹೊರಟದ್ದಕ್ಕೆ ಕಾರಣ ಮೆಟ್ಟಿಲು. ಅವನ ಸಂಸಾರವೆಲ್ಲ ಮೇಲಂತಸ್ತಿನಲ್ಲಿ, ಅಲ್ಲಿಗೆ ಹತ್ತುವ ಮೆಟ್ಟಿಲು ಎಷ್ಟು ಕಡಿದೆಂದರೆ, ಮೇಲೆ ಬಂದ ಬೀಗರು ಕುಶಲ ಕೇಳುವ ಮೊದಲು ನೀರು ಕೇಳುತ್ತಿದ್ದರು. ಸೊಲ್ಲಾಪುರಕ್ಕೆ ಕೊಟ್ಟ ಮಗಳು ಮುಂದಿನ ವಾರ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ತುಂಬಿದ ಬಸುರಿ ಈ ಮೆಟ್ಟಿಲು ಹತ್ತುವುದನ್ನು ನೆನೆದರೇ ಅಮರನಾಥನಿಗೆ ದಿಗಿಲಾಗುತ್ತಿತ್ತು.

ಹೆಂಡತಿ ಜಯಮಾಲಾ ಒಂದು ಕಟ್ಟಪ್ಪಣೆ ಮಾಡಿದ್ದಳು. "ಹುಡುಗಿ ಬಸುರಿ ಅದಾಳಂತ ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ."

"ಯಾಕ?"

"ಬಿಡಬ್ಯಾಡ್ರಿ ಅಂದ್ರ ಬಿಡಬ್ಯಾಡ್ರಿ."

ಹೆಂಡತಿಯ ಮಾತಿಗೆ ಕಾರಣ ಕೇಳುವ ಚಟವನ್ನು ಅಮರನಾಥ ಮದುವೆಯಾದ ವರ್ಷವೇ ಬಿಟ್ಟಿದ್ದ. ಅಂದು ಯಾಕೋ ಬಾಯಿ ತಪ್ಪಿ ಕೇಳಿದ್ದ, ಅಷ್ಟೆ. ಬಸುರಿಗೆ ಮಾಡುವ ಕುಬಸವೂ ಸೊಲ್ಲಾಪುರದಲ್ಲೇ ಸದ್ದಿಲ್ಲದೆ ಮುಗಿದದ್ದರಿಂದ ಓಣಿಗೆ ಸುದ್ದಿ ಗೊತ್ತಿರಲಿಲ್ಲ.

ಮನೆ ಕೊಳ್ಳಲು ಖಜೂರಿಯ ಲಾರಿ ಮಾಲಕ ಖಾಜಾ ಒಪ್ಪಿದ್ದ. ಅಮರನಾಥ ಕೊಳ್ಳಬೇಕಾದ ಮನೆಯೂ ಗೊತ್ತಾಗಿತ್ತು. ಅದು ಆಳಂದದಲ್ಲೇ ಇದ್ದ ದೌಲತರಾಯನದು, ಒಂದೂ ಮೆಟ್ಟಿಲಿಲ್ಲದ್ದು. ಆದರೆ ದೌಲತರಾಯ ಹೊರಬೀಳಲು ಅವನು ಕೊಂಡ ಅಫಜಲಪುರದ ಮನೆ ಖಾಲಿಯಾಗಬೇಕು. ಅಫಜಲಪುರದವನಿಗೆ ಜೇವರ್ಗಿಯ ಮನೆ ಖಾಲಿಯಾಗಬೇಕು. ಜೇವರ್ಗಿಯವನು ಯಾರಿಗಾಗಿ ಕಾಯುತ್ತಿದ್ದನೋ, ಅವನಿಗೇ ಮರೆತುಹೋದಂತಿತ್ತು. ಹೀಗೆ ಮೂರು ತಾಲೂಕಿನ ಸಭ್ಯ ಜನ ಗಂಟುಮೂಟೆ ಕಟ್ಟಿಕೊಂಡು ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತ ಕೂತಿದ್ದರು.

ಒಂದು ಬೆಳಿಗ್ಗೆ ದಲ್ಲಾಳಿ ಚಮನಸಾಬ ಬಂದ.

"ಅಮರನಾಥ ಭಾಯಿ, ಇದು ಸರಪಳಿ. ಯಾರರ ಒಬ್ರು ಕಡೀಲಿಲ್ಲಂದ್ರ ಎಲ್ಲಾರೂ ಹಿಂಗೇ ಕುಂದ್ರಬೇಕು. ಖಾಜಾ ಅವರ ಸಾಮಾನ ಲಾರಿ ಮ್ಯಾಲೆ ಏರ್ಯಾದ. ಇವತ್ತ ರಿಜಿಸ್ಟ್ರಿ ಮಾಡಿ ಕೀಲಿ ಕೊಡಲಿಲ್ಲಂದ್ರ ಬ್ಯಾರೆ ಮನಿ ನೋಡ್ತಾರ. ನೀವು ಖಾಲಿ ಮಾಡಿ ಒಂದ್ ಖೋಲಿ ಬಾಡಿಗಿ ಹಿಡೀರಿ. ದೌಲತರಾಯ ಬಿಟ್ಟ ಮ್ಯಾಲೆ ಆ ಕಡೆ ಹೋದ್ರಾತು."

ಅಮರನಾಥನ ಕಸುಬು ತಕ್ಕಡಿ ರಿಪೇರಿ. ಇಡೀ ಬಜಾರಿಗೆ ಯಾವ ತಟ್ಟೆ ಭಾರವೆಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ವಿಷಯದಲ್ಲಿ ಅದು ತಿಳಿಯಲಿಲ್ಲ. ಓಣಿಯವರು ಅವನ ಕಷ್ಟ ನೋಡಲಾರದೆ, ಅಂದರೆ ನೋಡಲಿಕ್ಕೆಂದೇ, ಕೂಡಿದರು.

ಎದುರು ಮನೆಯ ಗೌಸಮೊಹಿದ್ದೀನ ಬಸ್ ಕಂಡಕ್ಟರಾಗಿ ನಿವೃತ್ತನಾದವನು. "ಬಿಡಬ್ಯಾಡ್ರಿ. ಇನ್ನೊಂದು ಸೀಟ್ ಸಿಗೋದ್ರಾಗ ಎದ್ದಾವ ಊರ ತನಕ ನಿಂತೇ ಹೋಗ್ತಾನ. ನನ್ನ ಸರ್ವೀಸಿನ್ಯಾಗ ಎಷ್ಟ ಮಂದೀನ ನೋಡೇನಿ," ಎಂದ.

ಪಕ್ಕದ ಮನೆಯ ಗೌರಾಬಾಯಿಯದು ನಿಸ್ವಾರ್ಥ ಸಲಹೆ. "ಕಡೀರಿ ಅಣ್ಣಾ, ಕಡೀರಿ. ನಮ್ಮ ಹಿಂದಿನ ಖೋಲಿ ಹೆಂಗೂ ಖಾಲಿ ಅದ."

ಖೋಲಿ ನೆಲಮಟ್ಟದಲ್ಲೇ ಇತ್ತು. ಮಗಳು ಬರುವ ಹೊತ್ತಿಗೆ ದೌಲತರಾಯ ಬಿಡದಿದ್ದರೂ ಚಿಂತೆಯಿಲ್ಲ ಎಂದುಕೊಂಡ ಅಮರನಾಥ ಜೀವನದಲ್ಲಿ ಮೊದಲ ಸಲ ಒಂದು ನಿರ್ಧಾರ ಮಾಡಿದ. ಸರಪಳಿ ಕಡಿದೇಬಿಟ್ಟ.

ರಿಜಿಸ್ಟ್ರಿ ಮಧ್ಯಾಹ್ನದೊಳಗೆ ಮುಗಿಯಿತು. ಸಾಮಾನು ಮುಗಿಯಲಿಲ್ಲ. ಮದುವೆಯಲ್ಲಿ ಮಾವ ಕೊಟ್ಟ ಕಬ್ಬಿಣದ ಕಪಾಟು ಮೆಟ್ಟಿಲ ನಡುವೆ ಸಿಕ್ಕಿಬಿತ್ತು. ಅದರ ಮೇಲುಗಡೆ ಅಮರನಾಥ, ಕೆಳಗಡೆ ಇಬ್ಬರು ಹಮಾಲರು. ಗೌಸಮೊಹಿದ್ದೀನ ಹೊಸ್ತಿಲಲ್ಲಿ ನಿಂತು "ರೈಟ್, ರೈಟ್, ಹೋಲ್ಡಾನ್" ಎಂದು ಕೂಗಿ ಇದ್ದ ಗೊಂದಲಕ್ಕೆ ಒಂದು ಶಿಸ್ತು ತಂದ. ಲಾರಿಯಿಂದ ಇಳಿದ ಖಾಜಾ ಮತ್ತು ಅವನ ಹೆಂಡತಿ ಶಮಶಾದ ಕೆಳಗೆ ನಿಂತು ಇದನ್ನೆಲ್ಲ ಬಹಳ ಹೊತ್ತು ನೋಡಿದರು, ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಕೊನೆಗೆ ಕಪಾಟು ಒಂದು ಕಾಲು ಕಳೆದುಕೊಂಡು ಇಳಿಯಿತು. ಕೀಲಿ ಖಾಜಾನ ಕೈ ಸೇರಿತು.

ಗೌರಾಬಾಯಿಯ ಖೋಲಿಗೆ ಸಾಮಾನು ತುಂಬಿ, ಅಮರನಾಥ ದೌಲತರಾಯನ ಮನೆಗೆ ಹೋದ. ದೌಲತರಾಯ ಹೊರಸಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಹೆಂಡತಿ ಗಂಗಾಬಾಯಿ ಜೋಳ ಹಸನು ಮಾಡುತ್ತಿದ್ದಳು.

"ನಾ ಮನಿ ಬಿಟ್ಟೇನ್ರಿ," ಎಂದ ಅಮರನಾಥ. "ನೀವೂ ಒಂದೀಟು ಜಲ್ದಿ ಮಾಡಬೇಕು."

"ಮಾಡೋಣು, ಮಾಡೋಣು. ಜೇವರ್ಗಿಯವ್ರು ಶ್ರಾವಣ ಕಳೀಲಿ ಅಂತಾರ. ನಿಮಗೇನು ಅವಸರ? ಗಂಡ ಹೆಂಡತಿ ಇಬ್ರೇ."

ಅಮರನಾಥನಿಗೆ ತಡೆಯಲಾಗಲಿಲ್ಲ. "ಇಬ್ರೇ ಅಲ್ರಿ. ನನ್ನ ಮಗಳು ತುಂಬಿದ ಬಸುರಿ. ಬಾಣಂತನಕ್ಕ ಬರಾಕತ್ತಾಳ. ನಿಮ್ಮ ಮನೀನೇ ನಂಬೇನಿ."

ಗಂಗಾಬಾಯಿಯ ಕೈಯಲ್ಲಿದ್ದ ಮೊರ ನಿಂತಿತು. ಅವಳ ಕಣ್ಣಲ್ಲಿ ನೀರಾಡಿತು. "ಎಪ್ಪಾ, ಇದನ್ನ ಮೊದಲ ಯಾಕ ಹೇಳಲಿಲ್ರಿ?"

ಕೆಲಸ ಆಯಿತು ಎಂದುಕೊಂಡ ಅಮರನಾಥ. ಹೆಂಡತಿಯ ಮಾತು ಕೇಳಿ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ತನ್ನನ್ನೇ ಬೈದುಕೊಂಡ.

"ಬಸುರಿ ಇದ್ದಾಗ ಹೊಸಾ ಮನಿ ಹೊಗಬಾರದ್ರಿ," ಎಂದಳು ಗಂಗಾಬಾಯಿ. "ಇದ್ದ ಮನ್ಯಾಗೇ ಇರಬೇಕು. ಹುಡುಗಿ ಹಡೀಲಿ, ಬಾಣಂತನ ಮುಗೀಲಿ, ಕೂಸು ತಾನಾಗೇ ಹೊಸ್ತಿಲ ದಾಟಲಿ. ಆಮ್ಯಾಲೆ ನೀವು ಬರ್ರಿ."

"ನನಗ ನಡೀತದ್ರಿ. ನಾ ಅದನ್ನೆಲ್ಲಾ ನಂಬಂಗಿಲ್ಲ."

"ನೀವು ನಂಬದಿದ್ರ ಏನಾತು, ನಾವು ನಂಬ್ತೇವಲ್ಲ," ಎಂದ ದೌಲತರಾಯ ದೊಡ್ಡ ಮನಸ್ಸಿನಿಂದ. "ನಿಮ್ಮ ಮಗಳು ಬ್ಯಾರೆ, ನಮ್ಮ ಮಗಳು ಬ್ಯಾರೆ ಏನು? ನಿಮ್ಮ ಸಲುವಾಗಿ ನಾವು ಎಷ್ಟ ದಿನ ಬೇಕಾದ್ರೂ ಇಲ್ಲೇ ಇರ್ತೇವಿ."

ಅಮರನಾಥ ಎದ್ದು ಬರುವಷ್ಟರಲ್ಲಿ ಗಂಗಾಬಾಯಿ ಫೋನು ಕೈಗೆತ್ತಿಕೊಂಡಿದ್ದಳು. ಅವನು ಓಣಿ ಸೇರುವ ಮೊದಲೇ ಸುದ್ದಿ ಸೇರಿತ್ತು. ಅವನ ಪಾತ್ರೆ, ಗಾದಿ, ಮೂರು ಕಾಲಿನ ಕಪಾಟು ಎಲ್ಲವೂ ಗೌರಾಬಾಯಿಯ ಬಾಗಿಲ ಹೊರಗೆ ಒಪ್ಪವಾಗಿ ಜೋಡಿಸಿದ್ದವು. ಗಾದಿಯ ಮೇಲೆ ಜಯಮಾಲಾ ಕೂತಿದ್ದಳು.

"ತಪ್ಪ ತಿಳಕೋಬ್ಯಾಡ್ರಿ ಅಣ್ಣಾ," ಎಂದಳು ಗೌರಾಬಾಯಿ. "ನನ್ನ ಖೋಲಿನೂ ನಿಮಗ ಹೊಸಾ ಮನಿನೇ ಅಲ್ಲೇನು? ನಾಳಿಗಿ ಹುಡುಗಿಗಿ ಏನರ ಆದ್ರ ಆ ಪಾಪ ನನಗ ಸುತ್ತಕೋತದ. ನೀವಿದ್ದ ಮನ್ಯಾಗೇ ಇರ್ರಿ."

"ಆ ಮನಿ ಮಾರೇನ್ರಿ."

"ಅದಕ್ಕ ನಾ ಏನು ಮಾಡ್ಲಿ?"

ಜಯಮಾಲಾ ಗಾದಿಯಿಂದೆದ್ದು ಪಾತ್ರೆ ಎಣಿಸತೊಡಗಿದಳು. ಅವಳು ಬೈದಿದ್ದರೆ ಅಮರನಾಥನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳನ್ನು ಎಲ್ಲಿ ಇಳಿಸಿಕೊಳ್ಳಲಿ ಎಂಬ ಸಂಕಟಕ್ಕೆ ಅವನಿಗೆ ಅಳುವೇ ಬಂತು. ಊರಿನ ಶಾಸ್ತ್ರ ಒಪ್ಪುವ ಮನೆ ಉಳಿದದ್ದು ಒಂದೇ, ಅದರ ಕೀಲಿ ಮಧ್ಯಾಹ್ನ ತಾನೇ ಕೊಟ್ಟಿದ್ದ. ನಾಚಿಕೆ ಬಿಟ್ಟು ಹೋಗಿ ಖಾಜಾನ ಮುಂದೆ ನಿಂತು ಎಲ್ಲವನ್ನೂ ಹೇಳಿದ.

"ಫಿಕರ್ ಮಾಡಬ್ಯಾಡ್ರಿ," ಎಂದ ಖಾಜಾ. "ಹಡಿಯೋ ಹುಡುಗಿಗಿ ಜಾಗ ಇಲ್ಲ ಅನ್ನಾಕ ಬಾಯಿ ಬರ್ತದೇನು? ಬರ್ರಿ, ಚಾ ಕುಡೀರಿ."

ಅಮರನಾಥ ಒಳಗೆ ಕಾಲಿಟ್ಟು ಹಾಗೇ ನಿಂತ. ಕೆಳಗಿನ ಎರಡು ದೊಡ್ಡ ಖೋಲಿಗಳಲ್ಲಿ ಅವನು ವರ್ಷಾನುಗಟ್ಟಲೆ ಮುರುಕು ತಕ್ಕಡಿ ತುಂಬಿಟ್ಟು, ಹೊರಡುವಾಗ ಹಾಗೇ ಬಿಟ್ಟಿದ್ದ. ಈಗ ಅವೆಲ್ಲ ಹಿತ್ತಲು ಸೇರಿದ್ದವು. ನೆಲ ತೊಳೆದಿತ್ತು, ಮಂಚ ಹಾಕಿತ್ತು, ಕಿಟಕಿ ತೆರೆದು ಗಾಳಿ ಬರುತ್ತಿತ್ತು. ಶಮಶಾದ ಅಲ್ಲೇ ಒಲೆ ಹೂಡಿದ್ದಳು.

"ನಿಮ್ಮ ಕಪಾಟಿನ ತ್ರಾಸ ನೋಡಿದ ಮ್ಯಾಲೆ ನಮ್ಮಾಕಿ ಹೇಳಿದಳ್ರಿ, ಇಷ್ಟ ಚಂದ ಖೋಲಿ ಕೆಳಗ ಇರುವಾಗ ಆ ಮೆಟ್ಟಲಾ ಯಾರು ಹತ್ತಬೇಕಂತ," ಎಂದ ಖಾಜಾ. "ನಾವು ಇಲ್ಲೇ ಇರ್ತೇವಿ. ಮ್ಯಾಲಿಂದು ಬಾಡಿಗಿಗೆ ಕೊಡೋದದ, ನಿಮಗೇ ಕೊಡ್ತೇನಿ. ನಿಮಗ ಹತ್ತಿ ಇಳಿದು ರೂಢಿ ಅದ ಅಲ್ರಿ."